ಪಿಂಜಾರರ ಮೈಮುನಾಳ ಗುರು

ಮೈಮುನಾಳ ಅಪ್ಪ ಫಕ್ರುಸಾಬ ಕೆಮ್ಮಿ ಕೆಮ್ಮಿ ಸತ್ತ. ಹುಬ್ಬಳ್ಳಿಯ ಅರ್ಧ ಊರಿಗೆ ಗಾದಿ ಮಾಡಿಕೊಟ್ಟವನು ಹರಕು ಚಾಪೆಯ ಮೇಲೆ ಸತ್ತ. ಮೂವತ್ತು ವರ್ಷ ಹತ್ತಿ ಹಿಂಜಿದ ಎದೆ. ಅದರೊಳಗೆ ಧೂಳು ಕೂತಿತ್ತು. ಉಸಿರಿಗೆ ಜಾಗ ಉಳಿದಿರಲಿಲ್ಲ.

ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಮೈಮುನಾ ಗೋಡೆಯ ಗೂಟದಿಂದ ಅಪ್ಪನ ಬಿಲ್ಲು ಇಳಿಸಿದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಮಗಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಗೋಪನಕೊಪ್ಪದ ಪಿಂಜಾರ ಓಣಿಯಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು, ಗಾದಿ ಹೊಲಿಯುತ್ತಿದ್ದರು, ಬಿಲ್ಲು ಮಾತ್ರ ಹಿಡಿಯುತ್ತಿರಲಿಲ್ಲ. ಆಳೆತ್ತರದ ಬಿಲ್ಲು. ಅದಕ್ಕೆ ಬಿಗಿದ ಕರುಳಿನ ನರ. ನರವನ್ನು ಹೊಡೆಯಲು ಮರದ ಗುಂಡು. ಎಡಗೈಗೆ ಭಾರ, ಬಲಗೈಗೆ ಹೊಡೆತ. ಮೊದಲ ವಾರ ಅಂಗೈಯ ಬೊಕ್ಕೆಗಳು ಒಡೆದವು. ಎರಡನೆಯ ವಾರ ಭುಜ ಬಾತು ಕುಪ್ಪಸದ ತೋಳು ಏರಲಿಲ್ಲ. ಮೂರನೆಯ ವಾರ ಓಣಿಯ ಹಿರಿಯರು ಬಂದರು.

"ರೆಹಮತ್‌ಬಿ, ಮಗಳ ಕೈಯಾಗ ಬಿಲ್ಲು ಕೊಟ್ಟೀಯಲ್ಲ, ನಾಕು ಮಂದಿ ಏನಂದಾರು?"

ಅವ್ವ ರೆಹಮತ್‌ಬಿ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಆ ನಾಕು ಮಂದಿ ಸಂಜಿಕ ರೊಟ್ಟಿ ತಂದು ಕೊಡ್ತಾರೇನು, ಕೇಳ್ಕೊಂಡು ಬರ್ರಿ," ಎಂದಳು.

ಹಿರಿಯರು ಹೋದರು. ಬಿಲ್ಲು ಉಳಿಯಿತು.

ಆ ಬಿಲ್ಲಿಗೆ ನರ ತಂದುಕೊಡುತ್ತಿದ್ದವರು ಅಬ್ದುಲಗನಿ. ಅರವತ್ತು ದಾಟಿದ ಮನುಷ್ಯ. ಧಾರವಾಡದ ಗಾಯನ ವಿದ್ಯಾಲಯದಲ್ಲಿ ಹದಿನೆಂಟು ವರ್ಷ ಸಾರಂಗಿ ನುಡಿಸಿದವರು. ಗವಾಯಿಗಳ ಬೆನ್ನ ಹಿಂದೆ ಕೂತು, ಅವರು ಹಾಡಿದ್ದನ್ನೆಲ್ಲ ತಂತಿಯ ಮೇಲೆ ಹಿಡಿದವರು. ಗವಾಯಿ ಮರೆತಾಗ ಮುಂದಿನ ಸಾಲನ್ನು ಮೆಲ್ಲಗೆ ನುಡಿಸಿ ಮಾನ ಉಳಿಸಿದವರು. ಒಂದು ದಿನ ವಿದ್ಯಾಲಯದ ಆಡಳಿತ ಮಂಡಳಿ ಠರಾವು ಮಾಡಿತು. ಸಾರಂಗಿ ಸೂಳೆಯರ ಮನೆಯ ವಾದ್ಯ, ಮರ್ಯಾದಸ್ಥರ ಹೆಣ್ಣುಮಕ್ಕಳು ಕಲಿಯುವ ಜಾಗದಲ್ಲಿ ಅದು ಬೇಡ. ಮರುದಿನವೇ ಹಾರ್ಮೋನಿಯಂ ಬಂತು. ಅಬ್ದುಲಗನಿಯವರನ್ನು ಬಾಗಿಲ ಹೊರಗೆ ನಿಲ್ಲಿಸಿಯೇ ಮಾತು ಮುಗಿಸಿದರು.

ಹೊಟ್ಟೆ ಕೇಳಬೇಕಲ್ಲ. ಸಾರಂಗಿಗೆ ಬೇಕಾದ ನರವನ್ನು ಅವರು ತಾವೇ ತೊಳೆದು ಹೊಸೆದುಕೊಳ್ಳುತ್ತಿದ್ದರು. ಈಗ ಹುಬ್ಬಳ್ಳಿಗೆ ಬಂದು ಅದೇ ಕೆಲಸವನ್ನು ಪಿಂಜಾರರಿಗಾಗಿ ಮಾಡತೊಡಗಿದರು. ಕಸಾಯಿಗಳ ಓಣಿಯಿಂದ ಆಡಿನ ಕರುಳು ತರುವುದು, ಹೊಲಸು ಹಿಂಡುವುದು, ಹೊಸೆದು ಒಣಗಿಸುವುದು. ಗವಾಯಿಗಳು ವಾಹ್ ಎಂದಿದ್ದ ಬೆರಳುಗಳಿಗೆ ಆ ವಾಸನೆ ಕೂತಿತು.

ಒಂದು ಮಧ್ಯಾಹ್ನ ಹೊಸ ನರ ಹಿಡಿದು ಬಂದಾಗ ಮೈಮುನಾ ಹಿಂಜುತ್ತಿದ್ದಳು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು. ಬಟ್ಟೆಯೊಳಗಿಂದಲೇ ಬಿಲ್ಲಿನ ಝೇಂಕಾರಕ್ಕೆ ದನಿ ಸೇರಿಸಿ ಗುನುಗುತ್ತಿದ್ದಳು. ಅಬ್ದುಲಗನಿ ಬಾಗಿಲಲ್ಲೇ ನಿಂತರು.

"ಆ ನರ ಯಾವ ಸುರದಾಗ ಐತಿ, ಗೊತ್ತೈತೇನು ನಿನಗ?"

"ಗೊತ್ತಿಲ್ರಿ ಕಾಕಾ," ಎಂದಳು ಮೈಮುನಾ. "ಆದ್ರ ನಿನ್ನೆಕಿಂತ ಕೂದಲೆಳಿಯಷ್ಟು ಕೆಳಗ ಇಳದೈತಿ."

ಮುದುಕರು ಹತ್ತಿಯ ರಾಶಿಯ ಪಕ್ಕ ಕೂತುಬಿಟ್ಟರು. ಅಂದು ಶುರುವಾದದ್ದು ಐದು ವರ್ಷ ನಡೆಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಂಜುವುದು. ಆಮೇಲೆ ಬಿಸಿನೀರಿನಲ್ಲಿ ಗಂಟಲು ಮುಕ್ಕಳಿಸಿ, ಹತ್ತಿಯ ಎಳೆ ಉಗುಳಿ, ಅಬ್ದುಲಗನಿಯವರ ಮುಂದೆ ಕೂರುವುದು. ಮೊದಲ ವರ್ಷ ಬರೀ ಷಡ್ಜ. ಓಣಿಯ ಮಂದಿ ನಕ್ಕರು. ಆಕಳು ಕೂಗಿದ ಹಾಗೆ ಒಂದೇ ಸಮ ಕೂಗ್ತಾಳ ಎಂದರು. ಅವಳು ಕೂಗಿದಳು. ಎರಡನೆಯ ವರ್ಷ ನಗುವುದು ನಿಂತಿತು. ಮೂರನೆಯ ವರ್ಷ ಹೆಂಗಸರು ಕೆಲಸ ಹಿಡಿದುಕೊಂಡು ಅವಳ ಕಟ್ಟೆಗೆ ಬಂದು ಕೂರತೊಡಗಿದರು.

ಪುಣೆಯಲ್ಲೊಂದು ಸಂಗೀತ ಪರೀಕ್ಷಾ ಮಂಡಳಿ ಇತ್ತು. ಅದರ ವಿಶಾರದ ಪರೀಕ್ಷೆಗೆ ಅಬ್ದುಲಗನಿ ಅವಳನ್ನು ಖಾಸಗಿಯಾಗಿ ಕೂರಿಸಿದರು. ಬೆಳಗಾವಿಯಲ್ಲಿ ಪರೀಕ್ಷೆ. ಅವಳು ಆ ಕೇಂದ್ರಕ್ಕೇ ಮೊದಲ ಸ್ಥಾನ ಪಡೆದಳು. ಅದರ ಮುಂದಿನದು ಪಾರಂಗತ. ಕಾಲೇಜಿನವರಿಗೆ ಎಂ.ಎ. ಇದ್ದಂತೆ ಹಾಡುವವರಿಗೆ ಅದು. ಅದನ್ನು ಮುಗಿಸಿದವರಿಗೆ ಹೆಣ್ಣುಮಕ್ಕಳ ಸಾಲೆಯಲ್ಲಿ ಸಂಗೀತ ಕಲಿಸುವ ನೌಕರಿ ಸಿಗುತ್ತಿತ್ತು. ಆದರೆ ಪಾರಂಗತಕ್ಕೆ ಖಾಸಗಿಯಾಗಿ ಕೂರುವಂತಿರಲಿಲ್ಲ. ಎರಡು ವರ್ಷ ವಿದ್ಯಾಲಯದಲ್ಲೇ ಓದಬೇಕು. ಇಡೀ ಸೀಮೆಗೆ ಪಾರಂಗತ ಕಲಿಸುವ ವಿದ್ಯಾಲಯ ಒಂದೇ. ಅಬ್ದುಲಗನಿಯವರನ್ನು ಹೊರಗೆ ಹಾಕಿದ್ದ ಅದೇ ವಿದ್ಯಾಲಯ.

ಅರ್ಜಿಯಲ್ಲಿ ಅವಳು ಎಂ. ಎಫ್. ಗೋಪನಕೊಪ್ಪ ಎಂದು ಬರೆದಿದ್ದಳು. ಅಂಕ ನೋಡಿ ಸೀಟು ಕೊಟ್ಟರು. ಜೂನ್ ತಿಂಗಳ ಮೊದಲ ಸೋಮವಾರ ಅವಳು ಹುಬ್ಬಳ್ಳಿಯಿಂದ ಬೆಳಗಿನ ರೈಲು ಹತ್ತಿ ಧಾರವಾಡಕ್ಕೆ ಹೋಗಿ ಕಚೇರಿಯ ಮುಂದೆ ನಿಂತಳು. ಗುಮಾಸ್ತ ಶಾಂತಯ್ಯ ಅವಳ ಸೆರಗು ನೋಡಿದ, ಗಾಜಿನ ಬಳೆ ಇಲ್ಲದ ಕೈ ನೋಡಿದ, ಕಾಗದ ನೋಡಿದ.

"ಎಂ. ಎಫ್. ಅಂದ್ರ ನೀನೇನು?"

"ಹೌದ್ರಿ. ಮೈಮುನಾ. ಫಕ್ರುಸಾಬನ ಮಗಳು."

"ನಾವು ಗಂಡಸು ಅಂತ ತಿಳದಿದ್ದಿವಿ. ಕುಲಕರ್ಣ್ಯಾರ ಪೈಕಿ ಯಾರರ ಇರಬೇಕಂತ."

"ಹಂಗ ತಿಳದು ಕೊಟ್ಟ ಅಂಕ ಅಲ್ರೀ ಅವು," ಎಂದಳು ಮೈಮುನಾ.

ಮುಖ್ಯಾಧ್ಯಾಪಕ ಯಜ್ಞೇಶ್ವರ ಪಂಡಿತರು ಒಳಗಿನಿಂದ ಬಂದರು. ಬಿಳಿಯ ಧೋತರ, ಜರಿಯ ರುಮಾಲು, ಮೆತ್ತನೆಯ ಮಾತು. ಅವರು ಬೈಯುವವರಲ್ಲ. ಅದೇ ಕಷ್ಟ. ಬೈದವರಿಗೆ ತಿರುಗಿ ಬೈಯಬಹುದು.

"ನೋಡು ತಂಗಿ, ನನಗೇನೂ ಅಡ್ಡಿ ಇಲ್ಲ. ಮಂಡಳಿಯವರು ಇದ್ದಾರ. ಉಳಿದ ಹುಡುಗಿಯರ ಮನಿಯವರು ಇದ್ದಾರ. ತರಗತಿಯೊಳಗ ಶಾರದೆಯ ಪೂಜಾ ಅದ. ನೀ ಹೊಸ್ತಿಲದ ಹೊರಗ ಪಡಸಾಲ್ಯಾಗ ಕೂತು ಕೇಳು. ಕೇಳಲಿಕ್ಕೆ ಕಿವಿ ಸಾಕು. ವಿದ್ಯಾಲಯದ ತಂಬೂರಿ ಮುಟ್ಟಬ್ಯಾಡ, ನಿಂದು ನೀ ತಂದುಕೋ. ಕುಡಿಯೋ ನೀರೂ ತಂದುಕೋ."

ಆಮೇಲೆ ಏನೋ ನೆನಪಾದವರಂತೆ, "ಫೀ ಚಿಂತಿ ಬಿಡು. ನಿಮ್ಮ ಕಸುಬು ಗಾದೀದಲ್ಲ? ಸಭಾಗೃಹದ ಗಾದಿ, ಒರಗೂ ಲೋಡು ವರ್ಷಕ್ಕೊಮ್ಮೆ ಹಿಂಜಿ ತುಂಬಿಕೊಡು. ಫೀ ಮಾಫಿ ಮಾಡಸ್ತೇನಿ," ಎಂದರು.

ಮೈಮುನಾ ಒಪ್ಪಿದಳು. ಒಪ್ಪಿಕೊಂಡದ್ದಕ್ಕೆ ರೈಲಿನಲ್ಲಿ ಹಿಂದೆ ಬರುವಾಗ ಅವಳ ಹಲ್ಲು ಬಿಗಿಯಿತು. ಆದರೂ ಒಪ್ಪಿದಳು. ಅವಳಿಗೆ ಒಳಗಿನ ಶಾಸ್ತ್ರ ಬೇಕಾಗಿತ್ತು. ಆ ಕಾಗದ ಬೇಕಾಗಿತ್ತು.

ಹೊಸ್ತಿಲ ಹೊರಗೆ ಕಲ್ಲು ನೆಲ. ಮಳೆಗಾಲದಲ್ಲಿ ಇರಚಲು ಹೊಡೆದು ಬೆನ್ನು ತೋಯುತ್ತಿತ್ತು. ಚಳಿಗಾಲದಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಒಳಗೆ ಆರು ಮಂದಿ, ಹೊರಗೆ ಅವಳು. ಪಂಡಿತರು ಒಳಗಿನವರ ತಪ್ಪು ತಿದ್ದುತ್ತಿದ್ದರು. ಇವಳ ಸರದಿ ಬಂದಾಗ ಹಾಡಿಸಿ, ಹೂಂ ಎಂದು ಮುಂದೆ ಹೋಗುತ್ತಿದ್ದರು. ತಪ್ಪಿಲ್ಲದ್ದಕ್ಕೋ, ತಿದ್ದುವ ಮನಸ್ಸಿಲ್ಲದ್ದಕ್ಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಳಗಿನವರಲ್ಲಿ ಗೌರಕ್ಕ ಎಂಬವಳೊಬ್ಬಳು ಮಾತಾಡಿಸುತ್ತಿದ್ದಳು. ಅಮ್ಮಿನಬಾವಿಯ ಹತ್ತಿ ವ್ಯಾಪಾರಿಯ ಮಗಳು. ಹಲಗೆಯ ಮೇಲೆ ಬರೆದದ್ದು ಹೊಸ್ತಿಲ ಹೊರಗೆ ಕಾಣುವುದಿಲ್ಲವೆಂದು ತನ್ನ ವಹಿಯನ್ನು ನೆಲದ ಮೇಲೆ ಜಾರಿಸಿ ಇತ್ತ ತಳ್ಳುತ್ತಿದ್ದಳು.

ಒಂದು ಸಲ ಪಂಡಿತರು ಹಳೆಯದೊಂದು ಚೀಜು, ಎಂದರೆ ರಾಗದಲ್ಲಿ ಕಟ್ಟಿದ ಹಾಡು, ಹೇಳಿಕೊಡುತ್ತ ಎರಡನೆಯ ಭಾಗದಲ್ಲಿ ನಿಂತುಬಿಟ್ಟರು. ನೆನಪಾಗಲಿಲ್ಲ. ಹೊಸ್ತಿಲ ಹೊರಗಿನಿಂದ ಮೈಮುನಾ ಮುಂದಿನ ಸಾಲು ಹಾಡಿದಳು. ಪಂಡಿತರು ಬಾಗಿಲತ್ತ ತಿರುಗಿದರು.

"ಇದು ನಿನಗ ಎಲ್ಲಿಂದ ಬಂತು?"

"ಅಬ್ದುಲಗನಿ ಉಸ್ತಾದ್ರ ಹಂತ್ಯಾಕ ಕಲಿತಿದ್ದುರಿ."

ಪಂಡಿತರು ಕನ್ನಡಕ ಏರಿಸಿ ಅದನ್ನು ಬರೆದುಕೊಂಡರು. ಮುಂದಿನ ವಾರ ಇನ್ನೊಂದು ಕೇಳಿ ಬರೆದುಕೊಂಡರು. ಆಮೇಲೆ ಮತ್ತೊಂದು. ವರ್ಷದ ಕೊನೆಗೆ ವಿದ್ಯಾಲಯ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಆ ಮೂರೂ ಚೀಜು ಇದ್ದವು. ಮೇಲೆ 'ಸಂಗ್ರಾಹಕರು: ಯಜ್ಞೇಶ್ವರ ಪಂಡಿತ' ಎಂದಿತ್ತು. ಅಬ್ದುಲಗನಿಯವರ ಹೆಸರು ಎಲ್ಲೂ ಇರಲಿಲ್ಲ. ಮೈಮುನಾ ಪುಟ ಪುಟ ತಿರುವಿ ನೋಡಿದಳು.

ಮೊದಲ ವರ್ಷ ಸಭಾಗೃಹದ ಗಾದಿ ಹಿಂಜಿಕೊಟ್ಟಳು. ನಲವತ್ತು ಗಾದಿ, ಹನ್ನೆರಡು ಲೋಡು. ಎಷ್ಟೋ ವರ್ಷ ಮಂದಿ ಕೂತು, ಎಲೆಯಡಿಕೆ ಉಗುಳು ಬಿದ್ದು, ಬೆವರು ಕುಡಿದು ಕಲ್ಲಿನಂತಾದ ಹತ್ತಿ. ವಿದ್ಯಾಲಯದ ಹಿತ್ತಲ ಶೆಡ್ಡಿನಲ್ಲಿ ಹತ್ತು ದಿನ ಅವ್ವನೂ ಅವಳೂ ದುಡಿದರು. ಹೊಸ ಹತ್ತಿಯ ಧೂಳು ಬಿಳಿ. ಹಳೆಯ ಹತ್ತಿಯ ಧೂಳು ಕಪ್ಪು. ಒದ್ದೆ ಬಟ್ಟೆ ದಾಟಿ ಅದು ಗಂಟಲಿಗೆ ಇಳಿಯಿತು. ಮುಗಿದ ಮೇಲೆ ಇಪ್ಪತ್ತು ದಿನ ಅವಳ ದನಿ ಒಡೆದೇ ಬರುತ್ತಿತ್ತು. ಆ ಗಂಟಲಿನಲ್ಲೇ ವಾರ್ಷಿಕ ಪರೀಕ್ಷೆ ಹಾಡಿದಳು. ಪಂಡಿತರು ಉಳಿದವರಿಗೆ ಕೇಳುವಂತೆ, "ಜ್ಞಾನ ಅದ. ಕಂಠಕ್ಕ ಸಂಸ್ಕಾರ ಸಾಲದು," ಎಂದರು.

ಆ ಮಾತು ಅವಳ ಎದೆಯಲ್ಲಿ ಅಪ್ಪನ ಧೂಳಿನ ಹಾಗೆ ಕೂತಿತು.

ಎರಡನೆಯ ವರ್ಷ, ಕೊನೆಯ ಪರೀಕ್ಷೆಗೆ ಮೂರು ವಾರ ಉಳಿದಾಗ ಶಾಂತಯ್ಯ ಕರೆದ.

"ಪುಣೆಯಿಂದ ಪರೀಕ್ಷಕರು ಬರ್ತಾರ. ಊರ ದೊಡ್ಡ ಮಂದಿ ಬರ್ತಾರ. ಗಾದಿ ಹಿಂಜಿ ಮುಗಸಬೇಕಲ್ಲ ನೀನು?"

"ಪರೀಕ್ಷಾ ಮುಗದ ಮರುದಿನಾನ ಹಿಡೀತೇನ್ರಿ. ಈಗ ಆಗಂಗಿಲ್ಲ."

"ಫೀ ಮಾಫಿ ಆಗೈತಿ ನಿನಗ."

"ಹಿಂಜೂದಕ್ಕ ಮಾಫಿ ಆಗೈತ್ರಿ. ದನಿ ಕೊಟ್ಟುಬಿಡ್ತೇನಂತ ನಾ ಹೇಳಿಲ್ಲ."

ಶಾಂತಯ್ಯನಿಗೆ ಇಂಥ ಉತ್ತರದ ರೂಢಿ ಇರಲಿಲ್ಲ. ಅವನು ಕಪಾಟಿನಿಂದ ಪರೀಕ್ಷೆಯ ಫಾರ್ಮು ತೆಗೆದ. ಅವಳು ಹಿಂದಿನ ದಿನ ತುಂಬಿಕೊಟ್ಟದ್ದು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದ. ಗುರುವಿನ ಹೆಸರು ಎಂಬಲ್ಲಿ ಅವಳು ಬರೆದಿದ್ದ ಅಬ್ದುಲಗನಿ ಎಂಬುದು ಹೋಗಿ ಯಜ್ಞೇಶ್ವರ ಪಂಡಿತ ಎಂದಾಗಿತ್ತು. ಅಭ್ಯರ್ಥಿಯ ಹೆಸರು ಎಂಬಲ್ಲಿ ಮೈಮುನಾ ಹೋಗಿ ಕುಮಾರಿ ಮೀನಾಕ್ಷಿ ಎಂದಾಗಿತ್ತು.

"ಕೆಳಗ ಸಹಿ ಮಾಡು. ಹಸ್ತಪತ್ರಿಕಿ ಅಚ್ಚಿಗೆ ಹೋಗಬೇಕು."

ಮೈಮುನಾ ಸಹಿ ಮಾಡಲಿಲ್ಲ. ನೇರ ಪಂಡಿತರ ಕೋಣೆಯ ಮುಂದೆ ಹೋಗಿ ನಿಂತಳು. ಫಾರ್ಮು ಹಿಡಿದು ತೋರಿಸಿದಳು.

"ಇದೇನ್ರಿ ಇದು?"

"ಬರೇ ಕಾಗದದ ಮಾತು ತಂಗಿ," ಎಂದರು ಪಂಡಿತರು. "ಸಾರಂಗಿಯವ ಸಾಥಿದಾರ, ಹಿಂದ ಕೂತು ನುಡಿಸಾಂವ. ಸಾಥಿದಾರ ಬ್ಯಾರೆ, ಗುರು ಬ್ಯಾರೆ. ನಮ್ಮ ಮಂಡಳಿ ಹೊರಗ ಹಾಕಿದ ಮನಷ್ಯಾನ ಹೆಸರು ನಮ್ಮ ವಿದ್ಯಾಲಯದ ಫಾರ್ಮಿನ ಮ್ಯಾಲೆ ಹ್ಯಾಂಗ ಬರೀಲಿ? ನಿನ್ನ ಹೆಸರೂ ಹಂಗ. ಊರ ಮಂದಿ ಕೂತಿರ್ತಾರ. ಮೀನಾಕ್ಷಿ ಅಂದ್ರ ಯಾರೂ ಏನೂ ಕೇಳೂದಿಲ್ಲ. ನಿನ್ನ ಒಳ್ಳೇದಕ್ಕ ಹೇಳ್ತೇನಿ."

"ನಂಗ ಲಗ್ನ ಆಗಿ ಗಂಡ ಸತ್ತಾನ್ರಿ. ಕುಮಾರಿ ಅಂತ ಬರದೀರಿ."

ಪಂಡಿತರು ರುಮಾಲು ಸರಿಮಾಡಿಕೊಂಡರು.

"ಎರಡು ವರ್ಷ ನಿಮ್ಮ ಹೊಸ್ತಿಲದಾಗ ಕುಂತು ಶಾಸ್ತ್ರ ಕಲಿತೇನಿ. ಇಲ್ಲ ಅನ್ನಂಗಿಲ್ಲ. ಅದನ್ನ ಎಲ್ಲಿ ಬೇಕಾದ್ರೂ ಬರದು ಕೊಡ್ತೇನಿ. ಆದ್ರ ಆ ಅಚ್ಚಿನ ಪುಸ್ತಕದಾಗ ಮೂರು ಚೀಜು ಅದಾವಲ್ರಿ, ಅವು ಯಾರವು?"

"ವಿದ್ಯಾ ಯಾರ ಸ್ವತ್ತೂ ಅಲ್ಲ."

"ಹಂಗಾರ ನಿಮ್ಮ ಹೆಸರು ಯಾಕ ಹಾಕ್ಕೊಂಡ್ರಿ? ಕಾಗದದ ಮಾತು ಅಂದ್ರಲ್ಲ, ಬರೇ ಕಾಗದದ ಮಾತಾದ್ರ ನೀವ ಬಿಟ್ಟುಕೊಡ್ರಿ."

ಪಂಡಿತರ ಮುಖ ಕೆಂಪಾಯಿತು. ದನಿ ಮಾತ್ರ ಮೆತ್ತಗೇ ಇತ್ತು. "ಸಹಿ ಮಾಡದಿದ್ರ ಪದವಿ ಸಿಗೂದಿಲ್ಲ. ವಿಚಾರ ಮಾಡು," ಎಂದು ಕದ ಮುಂದೆ ಮಾಡಿಕೊಂಡರು.

ಮನೆಗೆ ಬಂದು ಹೇಳಿದಾಗ ಅಬ್ದುಲಗನಿ ಹೊಸೆಯುತ್ತಿದ್ದ ನರ ಕೆಳಗಿಟ್ಟರು.

"ಬೇಟಿ, ಸಹಿ ಮಾಡಿಬಿಡು. ನನ್ನ ಹೆಸರು ಇಲ್ಲಂದ್ರ ನಾ ಸಾಯಂಗಿಲ್ಲ. ಆ ಕಾಗದ ಇಲ್ಲಂದ್ರ ನೀ ಸಾಯ್ತಿ. ಬಿಲ್ಲು ಹೊಡದು, ಧೂಳು ಕುಡದು, ನಿಮ್ಮಪ್ಪನ ಹಂಗ. ನಂಗ ಅದನ್ನ ನೋಡಾಕ ಆಗಂಗಿಲ್ಲ."

ಮಾತು ಖರೆ ಇತ್ತು. ಅವ್ವ ಮಗಳ ಮುಖ ನೋಡಿದಳು. ಮೈಮುನಾಳಿಗೂ ಅದು ಖರೆ ಎಂದು ಗೊತ್ತಿತ್ತು. ಅವಳಿಗೆ ಇಪ್ಪತ್ತಾರು. ಎದೆಯಲ್ಲಿ ಆಗಲೇ ಬೆಳಗಿನ ಹೊತ್ತು ಸಣ್ಣ ಗೊರಗೊರ ಶುರುವಾಗಿತ್ತು.

"ಉಸ್ತಾದ್ರ, ಹದಿನೆಂಟು ವರ್ಷ ನೀವು ಬೆನ್ನ ಹಿಂದ ಕುಂತ್ರಿ," ಎಂದಳು. "ಹಿಂದ ಕುಂತವರ ಹೆಸರು ಯಾರೂ ಕೇಳಲಿಲ್ಲ. ಹೆಸರಿಲ್ಲದವರನ್ನ ಹೊರಗ ಹಾಕಾಕ ಅವರಿಗೆ ಸಸಾರ ಆತು. ಈಗ ನಾನೂ ನಿಮ್ಮನ್ನ ಹಿಂದ ಕುಂದ್ರಸ್ಲೇನು?"

ಅಬ್ದುಲಗನಿ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಎದ್ದು ಅವಳ ತಂಬೂರಿಯನ್ನು ಇಳಿಸಿ, ತಂತಿ ಬದಲಿಸತೊಡಗಿದರು. ಪರೀಕ್ಷೆಗೆ ಹಳೆಯ ತಂತಿ ನಡೆಯುವುದಿಲ್ಲ ಎಂದಷ್ಟೇ ಹೇಳಿದರು.

ಅವಳು ಕೆಂಪು ಗೆರೆಯ ಫಾರ್ಮನ್ನು ಸಹಿ ಇಲ್ಲದೆ ಹಿಂದೆ ಕೊಟ್ಟಳು. ಹೊಸ ಹಾಳೆಯಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಗುರುವಿನ ಹೆಸರು ಬರೆದು ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು, ಇನ್ನೊಂದನ್ನು ಪುಣೆಯ ಮಂಡಳಿಗೆ ಟಪಾಲಿಗೆ ಹಾಕಿದಳು. ಪರೀಕ್ಷೆಗೆ ಕೂರಿಸುವುದನ್ನು ತಪ್ಪಿಸಲು ವಿದ್ಯಾಲಯಕ್ಕೆ ಆಗಲಿಲ್ಲ. ಅವಳ ಹಾಜರಿ ಒಂದು ದಿನವೂ ತಪ್ಪಿರಲಿಲ್ಲ.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಆ ಸಭಾಗೃಹದ ಒಳಗೆ ಮೈಮುನಾ ಅದುವರೆಗೆ ಹೋದದ್ದು ಗಾದಿ ಹೊರಲು ಮಾತ್ರ. ಈಗ ತಂಬೂರಿ ಹಿಡಿದು ಹೋದಳು. ಹಿಂಜದ ಗಾದಿಗಳ ಮೇಲೆ ಊರ ವಕೀಲರು, ವ್ಯಾಪಾರಿಗಳು, ವಿದ್ಯಾಲಯದ ಮಂಡಳಿಯವರು ಕೂತಿದ್ದರು. ಮುಂದೆ ಪುಣೆಯ ಪರೀಕ್ಷಕರು. ಬಹಳ ವಯಸ್ಸಾದವರು. ಕಣ್ಣು ಮುಚ್ಚಿಯೇ ಕೂತಿದ್ದರು. ರೆಹಮತ್‌ಬಿ ಮತ್ತು ಅಬ್ದುಲಗನಿ ಹಿಂದಿನ ಬಾಗಿಲ ಹೊರಗೆ ನಿಂತಿದ್ದರು. ಅವರನ್ನು ಒಳಗೆ ಬಿಟ್ಟಿರಲಿಲ್ಲ.

ಶಾಂತಯ್ಯ ಎದ್ದು ಓದಿದ. "ಮುಂದಿನ ಅಭ್ಯರ್ಥಿ ಕುಮಾರಿ ಮೀನಾಕ್ಷಿ. ಪಂಡಿತ ಯಜ್ಞೇಶ್ವರರ ಶಿಷ್ಯೆ."

ಮೈಮುನಾ ಕೂರಲಿಲ್ಲ. ನಿಂತೇ ಇದ್ದಳು. ತಂಬೂರಿಯನ್ನು ಊರುಗೋಲಿನಂತೆ ಹಿಡಿದಳು.

"ಅದು ನನ್ನ ಹೆಸರಲ್ಲ," ಎಂದಳು. "ನಾ ಮೈಮುನಾ. ಗೋಪನಕೊಪ್ಪದ ಪಿಂಜಾರ ಫಕ್ರುಸಾಬನ ಮಗಳು. ನೀವು ಕುಂತ ಗಾದಿ ಹೋದ ವರ್ಷ ನಾನ ಹಿಂಜಿದ್ದು. ಈ ಹಾಡು ನನಗ ಕಲಿಸಿದವರು ಅಬ್ದುಲಗನಿ ಸಾಹೇಬರು. ಇದ ಜಾಗಾದಾಗ ಹದಿನೆಂಟು ವರ್ಷ ಸಾರಂಗಿ ನುಡಿಸಿದವರು. ಆ ಬಾಗಿಲದ ಹೊರಗ ನಿಂತಾರ. ಹೆಸರು ಸರಿ ಮಾಡಿ ಓದ್ರಿ. ಆಮ್ಯಾಲೆ ಕುಂದ್ರತೇನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಕೆಲವರು ಕಾಲುಜೋಡು ಹುಡುಕಿಕೊಂಡು ಎದ್ದು ಹೋದರು. ಮಂಡಳಿಯವರೊಬ್ಬರು ಪಂಡಿತರ ಕಿವಿಯಲ್ಲಿ ಏನೋ ಹೇಳಿದರು. ಪಂಡಿತರು ಹಾರ್ಮೋನಿಯಂನವನತ್ತ ನೋಡಿದರು. ಅವನು ಪೆಟ್ಟಿಗೆ ಮುಚ್ಚಿದ. ತಬಲದವನೂ ಎದ್ದ.

ಪುಣೆಯ ಮುದುಕರು ಕಣ್ಣು ತೆರೆದರು. ತಮ್ಮ ಮುಂದಿನ ಕಾಗದ ನೋಡಿದರು. ಮರಾಠಿಯಲ್ಲಿ, ನನ್ನ ಪಟ್ಟಿಯಲ್ಲಿ ಮೈಮುನಾ ಎಂದೇ ಇದೆ, ಹಾಡಲಿ ಎಂದರು.

ಸಾಥಿದಾರರು ಯಾರೂ ಉಳಿದಿರಲಿಲ್ಲ. ಮೈಮುನಾ ಕೂತು ತಂಬೂರಿ ಮಿಡಿದಳು. ಜೌನಪುರಿ ಹಿಡಿದಳು. ಬೆಳಗಿನ ಬಿಸಿಲೇರುವ ಹೊತ್ತಿನ ರಾಗ. ಆ ದೊಡ್ಡ ಕೋಣೆಯಲ್ಲಿ ಒಂಟಿ ತಂಬೂರಿಯ ದನಿ ತೆಳುವಾಗಿ ಕೇಳಿತು. ಆಗ ಗೌರಕ್ಕ ಎದ್ದಳು. ಶಾರದೆಯ ಪಟದ ಮುಂದಿದ್ದ ವಿದ್ಯಾಲಯದ ತಂಬೂರಿ ಎತ್ತಿಕೊಂಡು ಬಂದು ಮೈಮುನಾಳ ಮಗ್ಗುಲಲ್ಲಿ ಕೂತಳು. ಎರಡನೆಯ ತಂಬೂರಿ ಸೇರಿತು. ಪಂಡಿತರು "ಗೌರಾ" ಎಂದರು. ಗೌರಕ್ಕ ತಲೆ ಎತ್ತಲಿಲ್ಲ.

ತಾಳವನ್ನು ಮೈಮುನಾ ತೊಡೆಯ ಮೇಲೆ ತಾನೇ ಹಾಕಿಕೊಂಡಳು. ಗುಂಡು ಹಿಡಿದು ಗಟ್ಟಿಯಾದ ಅಂಗೈ. ಆ ಪೆಟ್ಟು ಕೊನೆಯ ಸಾಲಿನವರೆಗೆ ಕೇಳುತ್ತಿತ್ತು. ಅಬ್ದುಲಗನಿಯವರ ಚೀಜು ಹಾಡಿದಳು. ಅಚ್ಚಿನ ಪುಸ್ತಕದಲ್ಲಿ ತಪ್ಪಾಗಿ ಬಂದಿದ್ದ ಒಂದು ಜಾಗವನ್ನು ಎರಡು ಸಲ ಸರಿಯಾಗಿ ಹಾಡಿ ತೋರಿಸಿದಳು. ಮುಕ್ಕಾಲು ತಾಸಿನ ಮೇಲೆ ನಿಲ್ಲಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪುಣೆಯ ಮುದುಕರು ಏನೋ ಬರೆದರು. ಹೋಗುವಾಗ ಹಿಂದಿನ ಬಾಗಿಲಿನಿಂದಲೇ ಹೋದರು. ಅಲ್ಲಿ ಅಬ್ದುಲಗನಿಯವರ ಕೈ ಹಿಡಿದು ಒಂದು ಕ್ಷಣ ನಿಂತರು.

ಮಾರ್ಚ್ ಕೊನೆಗೆ ಪುಣೆಯಿಂದ ಫಲಿತಾಂಶ ಬಂತು. ಮೈಮುನಾ ಮೊದಲ ವರ್ಗ. ಪದವಿಪತ್ರ ವಿದ್ಯಾಲಯದ ಕಚೇರಿಗೆ ಬಂದಿತ್ತು. ಶಾಂತಯ್ಯ ಕಪಾಟಿನ ಕೀಲಿ ತಿರುಗಿಸಿ ಹೇಳಿದ, "ನಮ್ಮ ಮಂಡಳೀದು ಠರಾವು ಆಗೈತಿ. ಸಭಾದಾಗ ಮಾಡಿದ ಅಪಮಾನಕ್ಕ ಮಾಫಿ ಬರದು ಕೊಡಬೇಕು. ವಿದ್ಯಾಲಯದ ದಾಖಲೆದಾಗ ಗುರುಗಳ ಹೆಸರು ತಿದ್ದಿ ಸಹಿ ಮಾಡಬೇಕು. ಅಲ್ಲೀತನಕ ಕೊಡಂಗಿಲ್ಲ."

"ನಾಳೆ ಬರ್ತೇನಿ," ಎಂದಳು ಮೈಮುನಾ.

"ನಾಳೆನೂ ಇದ ಮಾತು."

"ನಾಡದನೂ ಬರ್ತೇನಿ."

ಮರುದಿನ ಬೆಳಿಗ್ಗೆ ವಿದ್ಯಾಲಯದ ಗೇಟಿನ ಎದುರು, ರಸ್ತೆಯ ಆಚೆ ಬದಿಯ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂತಳು. ತಂಬೂರಿ ಶ್ರುತಿ ಮಾಡಿದಳು. ಹಾಡಿದಳು. ಅದು ವಿದ್ಯಾಲಯದ ಜಾಗವಲ್ಲ. ಪಂಡಿತರು ಕಿಟಕಿ ಮುಚ್ಚಿಸಿದರು. ಏಪ್ರಿಲ್ ಬಿಸಿಲು. ಮುಚ್ಚಿದ ಕೋಣೆಯಲ್ಲಿ ಹುಡುಗಿಯರು ಬೆವೆತು ಹಾಡಿದರು. ಮೂರನೆಯ ದಿನ, ಪರೀಕ್ಷೆ ಮುಗಿದರೂ ಕಲಿಯಲು ಬರುತ್ತಿದ್ದ ಗೌರಕ್ಕ ಒಳಗಿನಿಂದ ಒಂದು ಕಿಟಕಿ ತೆರೆದಳು. ಮುಚ್ಚಿದರು. ಮತ್ತೆ ತೆರೆದಳು. ನಾಲ್ಕನೆಯ ದಿನದಿಂದ ಕಿಟಕಿ ತೆರೆದೇ ಉಳಿದವು.

ಸಂತೆಗೆ ಹೋಗುವವರು ನಿಂತರು. ಚಕ್ಕಡಿಯವರು ಎತ್ತು ಬಿಚ್ಚಿ ನೆರಳಿಗೆ ಕೂತರು. ಎದುರು ಅಂಗಡಿಯವ ಕುಡಿಯಲು ನೀರು ತಂದಿಟ್ಟ. ಆರನೆಯ ದಿನ ಅಬ್ದುಲಗನಿ ಬಂದರು. ಬಗಲಲ್ಲಿ ಗವಸು ಹಾಕಿದ ಸಾರಂಗಿ. ವಿದ್ಯಾಲಯ ಬಿಟ್ಟಂದಿನಿಂದ ಗವಸು ಬಿಚ್ಚಿರಲಿಲ್ಲ. ರೂಢಿಯಂತೆ ಅವಳ ಹಿಂದೆ ಕೂರಲು ಹೋದರು.

ಮೈಮುನಾ ಗೋಣಿತಟ್ಟಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಇಲ್ಲಿ ಬರ್ರಿ," ಎಂದಳು.

ಅವರು ಪಕ್ಕದಲ್ಲಿ ಕೂತರು. ಊರು ನೋಡುವಂತೆ ಕೂತರು.

ಒಂಬತ್ತನೆಯ ದಿನ ಹವಾಲ್ದಾರ ಬಂದ. ಸೈಕಲ್ಲು ಮರಕ್ಕೆ ಒರಗಿಸಿ ಬೆವರು ಒರೆಸಿಕೊಂಡ. ಕೈಯಲ್ಲಿ ದಪ್ಪ ರಟ್ಟಿನ ವಹಿ. ವಿದ್ಯಾಲಯದ ಮಂಡಳಿಯವರು ತಕರಾರು ಕೊಟ್ಟಿದ್ದರು. ರಸ್ತೆಯಲ್ಲಿ ಮಂದಿ ಕೂಡಿಸಿ ಗದ್ದಲ ಮಾಡುತ್ತಾಳೆ ಎಂದು.

"ಏನವಾ, ಯಾಕ ಹಿಂಗ ಬೀದ್ಯಾಗ?"

"ಒಳಗ ನನ್ನ ಕಾಗದ ಐತ್ರಿ. ಕೊಟ್ರ ಎದ್ದು ಹೋಗ್ತೇನಿ."

"ಅದೆಲ್ಲ ನಂಗ ಗೊತ್ತಿಲ್ಲ. ನಂದು ಬರಕೊಳ್ಳೋ ಕೆಲಸ." ಅವನು ಮೊಣಕಾಲ ಮೇಲೆ ವಹಿ ಇಟ್ಟು ಸೀಸದ ಕಡ್ಡಿ ತೆಗೆದ. "ಹೆಸರು?"

"ಮೈಮುನಾ."

"ತಂದಿ ಹೆಸರು?"

"ಫಕ್ರುಸಾಬ. ಪಿಂಜಾರ. ಗೋಪನಕೊಪ್ಪ."

"ಉದ್ಯೋಗ?"

"ಹತ್ತಿ ಹಿಂಜೂದು. ಹಾಡೂದು. ಗುರುವಿನ ಹೆಸರೂ ಬರಕೊಳ್ರಿ."

ಹವಾಲ್ದಾರ ತಲೆ ಎತ್ತಿದ. "ಗುರುವಿನ ಹೆಸರಿಗೆ ಇದರಾಗ ಜಾಗಾ ಇಲ್ಲವಾ."

"ಜಾಗಾ ಮಾಡ್ರಿ. ಗದ್ದಲ ಅಂದಾರಲ್ಲ, ಈ ಗದ್ದಲ ನಂಗ ಯಾರು ಕಲಿಸಿದ್ರು ಅನ್ನೂದು ಸರಕಾರಕ್ಕ ಗೊತ್ತಾಗಬೇಕೋ ಬ್ಯಾಡೋ?"

ನೆರೆದ ಮಂದಿಯಲ್ಲಿ ಯಾರೋ ನಕ್ಕರು. ಚಕ್ಕಡಿಯವನೊಬ್ಬ, "ಬರಕೊಳ್ರಿ ಸಾಹೇಬ್ರ," ಎಂದ. ಹವಾಲ್ದಾರ ಸುತ್ತ ನೋಡಿದ. ಗೇಟಿನ ಒಳಗೆ ಪಡಸಾಲೆಯಲ್ಲಿ ಶಾಂತಯ್ಯ ನಿಂತಿದ್ದ. ಪಂಡಿತರು ಕಿಟಕಿಯಲ್ಲಿದ್ದರು.

"ಹೇಳು."

"ಅಬ್ದುಲಗನಿ. ಸಾರಂಗಿ ಉಸ್ತಾದರು."

ಅವನು ಹಾಳೆಯ ಅಂಚಿನಲ್ಲಿ ಒತ್ತಿ ಬರೆದ. ಮೈಮುನಾ ವಹಿಯತ್ತ ಬಗ್ಗಿ ಅಕ್ಷರ ಅಕ್ಷರ ಓದಿದಳು. ಉಸ್ತಾದ ಎಂಬುದು ಬಿಟ್ಟುಹೋಗಿತ್ತು. ಬೆರಳಿಟ್ಟು ತೋರಿಸಿದಳು. ಅವನು ಅದನ್ನೂ ಸೇರಿಸಿದ. ಅಬ್ದುಲಗನಿ ಕಮಾನು ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಅಕ್ಷರಗಳನ್ನು ನೋಡುತ್ತಿದ್ದರು.

ಹವಾಲ್ದಾರ ವಹಿ ಮುಚ್ಚಿದ. "ಇನ್ನ ಎದ್ದು ಠಾಣೆಗೆ ನಡೀರಿ ಇಬ್ಬರೂ. ಫೌಜದಾರರ ಮುಂದ ಹೇಳಬೇಕು."

"ಬರ್ತೇವ್ರಿ," ಎಂದಳು ಮೈಮುನಾ. "ಈ ಚೀಜು ಮುಗೀಲಿ."

ಅವಳು ತಂಬೂರಿ ಎತ್ತಿಕೊಂಡಳು. ಹವಾಲ್ದಾರ ಬಿಸಿಲಿಗೆ ಬೆನ್ನು ಮಾಡಿ ಸೈಕಲ್ಲು ಹಿಡಿದು ನಿಂತು ಕಾದ. ಅವಳು ಅವಸರ ಮಾಡಲಿಲ್ಲ.